ಒಳ್ಳೆಯತನ ಯಾರ ಖಾತೆಗೆ?

"ದೇವರ ಭಯವೇ ಇಲ್ಲದವನು ಯಾವುದಕ್ಕೂ ಹೇಸುವವನಲ್ಲ." ನಾಸ್ತಿಕನ ಬೆನ್ನ ಹಿಂದೆ ಈ ಮಾತು ಕೇಳಿಬರದ ಊರಿಲ್ಲ. "ನರಕದ ಹೆದರಿಕೆ ತೆಗೆದುಬಿಡಿ, ಇವರಲ್ಲಿ ಎಷ್ಟು ಜನ ಧರ್ಮಿಷ್ಠರಾಗಿ ಉಳಿಯುತ್ತಾರೆ ನೋಡೋಣ." ಇದು ಆಸ್ತಿಕರ ಬೆನ್ನ ಹಿಂದೆ ನಾಸ್ತಿಕರು ಆಡುವ ಮಾತು. ಎರಡರ ಒಳಗೂ ಇರುವುದು ಒಂದೇ ಅನುಮಾನ: ಎದುರಿಗಿರುವವನ ಒಳ್ಳೆಯತನ ಅಸಲಿಯಲ್ಲ. ಒಬ್ಬನದು ಬೇರಿಲ್ಲದ್ದು, ಇನ್ನೊಬ್ಬನದು ಕೂಲಿಗಾಗಿ ಮಾಡಿದ್ದು. ಈ ಅನುಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ದೇವರಿದ್ದಾನೋ ಇಲ್ಲವೋ ಎಂದು ರಾತ್ರಿಯಿಡೀ ವಾದಿಸಿದರೂ ಬೆಳಗಾಗುವ ಹೊತ್ತಿಗೆ ಇಬ್ಬರೂ ಇದ್ದಲ್ಲೇ ಇರುತ್ತಾರೆ, ಜೊತೆಗೆ ಒಂದಿಷ್ಟು ಕಹಿಯೂ ಸೇರಿಕೊಂಡಿರುತ್ತದೆ.

ಈ ಅನುಮಾನ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು 2017ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ನಿಯತಕಾಲಿಕದಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಭಾರತವೂ ಸೇರಿ 13 ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಮುಂದೆ ಸಂಶೋಧಕರು ಒಬ್ಬ ಮನುಷ್ಯನ ಚಿತ್ರಣ ಇಟ್ಟರು. ಚಿಕ್ಕಂದಿನಲ್ಲಿ ಪ್ರಾಣಿಗಳನ್ನು ಹಿಂಸಿಸುತ್ತಿದ್ದವನು, ದೊಡ್ಡವನಾದ ಮೇಲೆ ಮನೆಮಠವಿಲ್ಲದವರನ್ನು ಕೊಲ್ಲುತ್ತಾ ಹೋದವನು. ಆಮೇಲೆ ಪ್ರಶ್ನೆ. ಅರ್ಧದಷ್ಟು ಜನರಿಗೆ: ಇವನು ಮೇಷ್ಟರಾಗಿರುವ ಸಾಧ್ಯತೆ ಹೆಚ್ಚೋ, ಮೇಷ್ಟರೂ ದೈವಭಕ್ತನೂ ಆಗಿರುವ ಸಾಧ್ಯತೆ ಹೆಚ್ಚೋ? ಉಳಿದರ್ಧಕ್ಕೆ: ಮೇಷ್ಟರೋ, ಮೇಷ್ಟರೂ ನಾಸ್ತಿಕನೂ ಹೌದೋ? ಲೆಕ್ಕದ ಪ್ರಕಾರ ‘ಮೇಷ್ಟರು’ ಎಂಬುದೇ ಯಾವಾಗಲೂ ಸರಿಯುತ್ತರ. ಮೇಷ್ಟರೂ ಇನ್ನೊಂದೂ ಆಗಿರುವವರ ಸಂಖ್ಯೆ ಬರೀ ಮೇಷ್ಟರ ಸಂಖ್ಯೆಯನ್ನು ಮೀರಲಾರದು. ಆದರೂ ಮನಸ್ಸಿನಲ್ಲಿ ಮೊದಲೇ ಒಂದು ಚಿತ್ರ ಇದ್ದವರು ತಪ್ಪುತ್ತರದ ಕಡೆ ಜಾರುತ್ತಾರೆ. ದೈವಭಕ್ತ ಎಂದಾಗ ಜಾರಿದವರಿಗಿಂತ ನಾಸ್ತಿಕ ಎಂದಾಗ ಜಾರಿದವರು ಹೆಚ್ಚುಕಡಿಮೆ ಎರಡರಷ್ಟಿದ್ದರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಸ್ವತಃ ನಾಸ್ತಿಕರೆಂದು ಹೇಳಿಕೊಂಡವರಲ್ಲೂ ಇದೇ ಒಲವು ಕಂಡಿತ್ತು. ದೇವರನ್ನು ಬಿಟ್ಟವರೂ ‘ದೇವರನ್ನು ಬಿಟ್ಟವರು ಕೆಟ್ಟವರು’ ಎಂಬ ಎಣಿಕೆಯನ್ನು ಬಿಟ್ಟಿರಲಿಲ್ಲ.

ಈ ಎಣಿಕೆ ನಮ್ಮ ನೆಲದಲ್ಲಿ ಹೇಗೆ ಉಳಿಯಿತು ಎಂಬುದೇ ಆಶ್ಚರ್ಯ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಗೊಮ್ಮಟ ನಿಂತಿದ್ದಾನೆ. ಅವನನ್ನು ನಿಲ್ಲಿಸಿದ ಧರ್ಮದಲ್ಲಿ ಲೋಕವನ್ನು ಸೃಷ್ಟಿಸಿದ ದೇವರಿಲ್ಲ, ಪಾಪಪುಣ್ಯ ತೂಗುವ ನ್ಯಾಯಾಧೀಶನಿಲ್ಲ. ಮಾಡಿದ ಕರ್ಮ ತಾನಾಗಿ ಅಂಟುತ್ತದೆ, ಮಾಡಿದವನೇ ಅದನ್ನು ಸವೆಸಬೇಕು. ಹಾಗಿದ್ದೂ ಅಹಿಂಸೆಯ ವಿಷಯದಲ್ಲಿ ಜೈನರಷ್ಟು ಕಟ್ಟುನಿಟ್ಟು ಯಾರಲ್ಲಿದೆ? ಇನ್ನು ವೇದವನ್ನು ಅಕ್ಷರ ಅಕ್ಷರವಾಗಿ ಎತ್ತಿಹಿಡಿದ ಮೀಮಾಂಸಕರಲ್ಲೇ ಕುಮಾರಿಲ ಭಟ್ಟನಂಥವರು ಸೃಷ್ಟಿಕರ್ತನ ವಾದವನ್ನು ಖಂಡಿಸಿದರು. ಸೃಷ್ಟಿಕರ್ತನನ್ನು ಒಪ್ಪದೆಯೂ ಧರ್ಮ ಅಧರ್ಮದ ಬಗ್ಗೆ ತಲೆ ಕೆಡಿಸಿಕೊಳ್ಳಬಹುದು ಎಂಬುದು ನಮಗೆ ಹೊರಗಿನಿಂದ ಬಂದ ವಿಚಾರವಲ್ಲ.

ಆಸ್ತಿಕ ನಾಸ್ತಿಕರ ಮಾತು ಎಲ್ಲಿ ಕೆಡುತ್ತದೆ, ಎಲ್ಲಿ ಫಲ ಕೊಡುತ್ತದೆ ಎಂದು ತಿಳಿಯಲು ಒಬ್ಬನೇ ಮನುಷ್ಯನ ಬದುಕಿನ ಎರಡು ತುದಿಗಳನ್ನು ನೋಡಿದರೆ ಸಾಕು. ಆ ಮನುಷ್ಯ ಗಾಂಧಿ.

1891ರ ಜನವರಿ 30ರಂದು ಲಂಡನ್ನಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ತೀರಿಕೊಂಡರು. ಇಂಗ್ಲೆಂಡಿನ ಬಹಿರಂಗ ನಾಸ್ತಿಕರಲ್ಲಿ ಅವರ ಹೆಸರೇ ಮೊದಲು. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದರೂ ದೇವರ ಮೇಲಿನ ಪ್ರಮಾಣದ ಗಲಾಟೆಯಲ್ಲಿ ಅವರು ಸಂಸತ್ತಿನಲ್ಲಿ ಸರಿಯಾಗಿ ಕೂತದ್ದು 1886ರಲ್ಲಿ. ದೇವರ ಹೆಸರೆತ್ತದೆ ದೃಢವಚನ ನೀಡಿ ಸದಸ್ಯರಾಗಬಹುದು ಎಂಬ 1888ರ ಕಾನೂನಿನ ಹಿಂದೆ ಇದ್ದವರೂ ಅವರೇ. ಭಾರತದ ಪರವಾಗಿ ಸಂಸತ್ತಿನಲ್ಲಿ ಎದ್ದುನಿಲ್ಲುತ್ತಿದ್ದವರಾದ್ದರಿಂದ ಲಂಡನ್ನಿನ ಭಾರತೀಯರು ಶವಸಂಸ್ಕಾರಕ್ಕೆ ಹೋದರು. ಆಗ ಇಪ್ಪತ್ತೊಂದು ವರ್ಷದ ಕಾನೂನು ವಿದ್ಯಾರ್ಥಿಯಾಗಿದ್ದ ಗಾಂಧಿಯೂ ಹೋದರು. ಕೆಲವು ಪಾದ್ರಿಗಳೂ ಅಂತಿಮ ಗೌರವ ಸಲ್ಲಿಸಲು ಬಂದಿದ್ದರು.

ವಾಪಸಾಗುವಾಗ ರೈಲ್ವೆ ನಿಲ್ದಾಣದಲ್ಲಿ ನಡೆದದ್ದನ್ನು ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುಂಪಿನಲ್ಲಿದ್ದ ಒಬ್ಬ ನಾಸ್ತಿಕ ಶೂರ ಒಬ್ಬ ಪಾದ್ರಿಯನ್ನು ಹಿಡಿದು ನಿಲ್ಲಿಸಿದ. ದೇವರಿದ್ದಾನೆಂದು ನಂಬುತ್ತೀರಲ್ಲವೇ ಎಂದು ಕೇಳಿದ. ಪಾದ್ರಿ ತಗ್ಗಿದ ದನಿಯಲ್ಲಿ ಹೌದೆಂದರು. ಭೂಮಿಯ ಸುತ್ತಳತೆ ಇಷ್ಟು ಸಾವಿರ ಮೈಲಿ ಎಂಬುದನ್ನೂ ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಎಲ್ಲಿದ್ದಾನೆ ಹೇಳಿ ಎಂದ. ನಮಗೆ ತಿಳಿಯುವುದಾದರೆ ಅವನು ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಎಂದರು ಪಾದ್ರಿ. ನನ್ನನ್ನೇನು ಮಗು ಅಂದುಕೊಂಡಿರಾ ಎಂದು ಆ ಶೂರ ಗೆದ್ದ ಮುಖ ಮಾಡಿ ಸುತ್ತಲಿದ್ದವರ ಕಡೆ ನೋಡಿದ. ಪಾದ್ರಿ ಮೌನವಾದರು. ಈ ಮಾತುಕತೆ ಕೇಳಿ ನಾಸ್ತಿಕತೆಯ ಬಗ್ಗೆ ತಮಗಿದ್ದ ಅರುಚಿ ಇನ್ನಷ್ಟು ಹೆಚ್ಚಿತು ಎಂದು ಗಾಂಧಿ ಬರೆಯುತ್ತಾರೆ.

ಸಮಾಧಿಯ ಬಳಿಯಿಂದ ಆಗಷ್ಟೇ ಮರಳಿದವರ ಮಾತಿದು. ನಾಸ್ತಿಕರ ನಾಯಕನಿಗೆ ಗೌರವ ಕೊಡಲೆಂದು, ತನ್ನ ಸಭೆಯವರು ಏನಂದಾರು ಎಂಬುದನ್ನೂ ಲೆಕ್ಕಿಸದೆ ಬಂದಿದ್ದ ಪಾದ್ರಿಯ ಬಳಿ ಆ ನಾಸ್ತಿಕ ಕೇಳಬಹುದಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ನಿಮ್ಮ ದೇವರನ್ನು ಒಪ್ಪದವನ ಶವಕ್ಕೆ ನೀವು ಯಾಕೆ ಬಂದಿರಿ? ಆ ಪ್ರಶ್ನೆಗೆ ಪಾದ್ರಿ ಕೊಡುತ್ತಿದ್ದ ಉತ್ತರದಲ್ಲಿ ಇಬ್ಬರಿಗೂ ತಿಳಿಯುವಂಥದ್ದು ಏನೋ ಇರುತ್ತಿತ್ತು. ಅವನು ಕೇಳಿದ್ದು ಸುತ್ತಳತೆ. ಸುತ್ತ ನಿಂತವರಿಗಾಗಿ ಆಡಿದ ಮಾತು ಎದುರಿಗಿದ್ದವನನ್ನು ತಲುಪಲಿಲ್ಲ, ಸುತ್ತ ನಿಂತವರಲ್ಲಿ ಒಬ್ಬನನ್ನಂತೂ ದೂರ ತಳ್ಳಿತು.

ಗಾಂಧಿಯ ಕಡೆಯಿಂದಲೂ ಒಂದು ಕೊರತೆ ಇತ್ತು, ಅದನ್ನು ಹೇಳಲೇಬೇಕು. ಮುಂದೆ ಬ್ರಾಡ್ಲಾ ಅವರನ್ನು ನೆನೆಯುವಾಗ, ಅವರು ತಮ್ಮನ್ನು ನಾಸ್ತಿಕನೆಂದು ಕರೆದುಕೊಂಡರೂ ತಾನು ಹಾಗೆ ಎಣಿಸುವುದಿಲ್ಲ, ಅವರು ಒಪ್ಪದಿದ್ದರೂ ಅವರನ್ನು ದೈವಭೀರು ಎಂದೇ ಕರೆಯುತ್ತೇನೆ ಎಂಬರ್ಥದ ಮಾತನ್ನು ಗಾಂಧಿ ಆಡಿದರು. ಹೊಗಳಿಕೆಯಂತೆ ಕೇಳುವ ಮಾತು. ಆದರೆ ಬ್ರಾಡ್ಲಾ ಬದುಕಿಡೀ ಕಷ್ಟಪಟ್ಟು ಗಳಿಸಿದ ಪ್ರಾಮಾಣಿಕತೆಯನ್ನು, ಅವರು ಬದುಕಿಡೀ ಒಪ್ಪದ ದೇವರ ಖಾತೆಗೆ ಜಮಾ ಮಾಡಿದಂತಾಯಿತು. ಒಳ್ಳೆಯ ನಾಸ್ತಿಕನನ್ನು ಕಂಡಾಗ "ನೀನು ನಿಜವಾಗಿ ನಾಸ್ತಿಕನೇ ಅಲ್ಲ, ನಿನ್ನೊಳಗೆ ದೇವರಿದ್ದಾನೆ" ಎನ್ನುವ ಆಸ್ತಿಕರು ಈಗಲೂ ಮಾಡುವುದು ಇದನ್ನೇ. ನಾಸ್ತಿಕರೂ ಕಡಿಮೆಯಿಲ್ಲ. ಒಳ್ಳೆಯ ಭಕ್ತನನ್ನು ಕಂಡರೆ "ನೀವು ಸ್ವಭಾವತಃ ಒಳ್ಳೆಯವರು, ದೇವರಿಲ್ಲದಿದ್ದರೂ ಹೀಗೇ ಇರುತ್ತಿದ್ದಿರಿ" ಎಂದು ಅವನ ಭಕ್ತಿಯನ್ನು ಪಕ್ಕಕ್ಕೆ ಸರಿಸಿ ಒಳ್ಳೆಯತನವನ್ನು ತಮ್ಮ ಕಡೆ ಬರೆದುಕೊಳ್ಳುತ್ತಾರೆ. ಇಬ್ಬರಿಗೂ ಎದುರಿನವನು ಇಷ್ಟ, ಅವನು ತನ್ನ ಬಗ್ಗೆ ಹೇಳಿಕೊಳ್ಳುವುದು ಮಾತ್ರ ಬೇಡ.

ಗಾಂಧಿಯ ಈ ಅಭ್ಯಾಸವನ್ನು ನೇರವಾಗಿ ಎದುರಿಸಿದವರು ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರ ರಾವ್. ಹುಟ್ಟಿದ್ದು 1902ರಲ್ಲಿ, ಸಂಪ್ರದಾಯಸ್ಥ ತೆಲುಗು ಬ್ರಾಹ್ಮಣರ ಮನೆಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಅಧ್ಯಾಪಕರಾದರು. ದೇವರ ಬಗ್ಗೆ ಬರೆದದ್ದಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು. ಕೆಲವು ವರ್ಷಗಳಲ್ಲಿ ಅಧ್ಯಾಪಕ ವೃತ್ತಿಯನ್ನೇ ಬಿಟ್ಟು 1940ರಲ್ಲಿ ಪತ್ನಿ ಸರಸ್ವತಿ ಗೋರಾ ಜೊತೆ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಗೆ ಹೋಗಿ ನಾಸ್ತಿಕ ಕೇಂದ್ರ ತೆರೆದರು. ಅಲ್ಲಿ ಅವರು ಮಾಡಿದ ಮುಖ್ಯ ಕೆಲಸ ದೇವರ ವಿರುದ್ಧ ಭಾಷಣವಲ್ಲ. ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸುವುದು, ದಲಿತರ ಕೇರಿಯಲ್ಲಿ ಓದು ಬರಹ ಕಲಿಸುವುದು.

1930ರಲ್ಲೇ ಗೋರಾ ಗಾಂಧಿಗೆ ಒಂದು ಕಾಗದ ಬರೆದಿದ್ದರು. ನೀವು ದೇವರು ದೇವರು ಎನ್ನುತ್ತೀರಿ, ಅದರ ಅರ್ಥವೇನು, ಬದುಕಿನ ನಡವಳಿಕೆಗೂ ಅದಕ್ಕೂ ಹೊಂದಾಣಿಕೆ ಎಷ್ಟು ಎಂದು ಕೇಳಿದ್ದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನು ಎಂದು ಗಾಂಧಿ ಚುಟುಕಾಗಿ ಉತ್ತರಿಸಿದರು. 1941ರಲ್ಲಿ ಭೇಟಿಗೆ ಸಮಯ ಕೇಳಿದಾಗ ಬಂದ ಉತ್ತರ ಇನ್ನೂ ಬಿಗಿಯಾಗಿತ್ತು. ನಾಸ್ತಿಕತೆ ಎಂದರೆ ತನ್ನನ್ನು ತಾನೇ ಅಲ್ಲಗಳೆಯುವುದು, ನಿಮಗೆ ಸಿಕ್ಕ ಯಶಸ್ಸು ಸುತ್ತಲಿನ ಜನರ ನಡುವೆ ನೀವು ಪ್ರಾಮಾಣಿಕವಾಗಿ ಮಾಡುತ್ತಿರುವ ಕೆಲಸದಿಂದ ಬಂದದ್ದು, ಮಾತಾಡಲು ನನಗೆ ಪುರುಸೊತ್ತಿಲ್ಲ ಎಂಬುದು ಅದರ ಸಾರ. ಮತ್ತೆ ಅದೇ ಲೆಕ್ಕ. ಕೆಲಸ ಒಳ್ಳೆಯದು, ನಾಸ್ತಿಕತೆಗೂ ಅದಕ್ಕೂ ಸಂಬಂಧವಿಲ್ಲ.

ಗೋರಾ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಅವರ ಜೊತೆಯ ಕೆಲಸಗಾರರು ಗಾಂಧಿಯ ಸೇವಾಗ್ರಾಮ ಆಶ್ರಮಕ್ಕೆ ಹೋಗಿಬಂದರು, ಮುದುನೂರಿನಲ್ಲಿ ಆಗುತ್ತಿರುವುದನ್ನು ಹೇಳಿದರು. 1944ರ ನವೆಂಬರ್ ಕೊನೆಗೆ ಗೋರಾಗೆ ಕರೆ ಬಂತು. ದೇವರಿಲ್ಲದ ಮನುಷ್ಯನ ಹತ್ತಿರ ಏನು ಮಾತಾಡಲಿ ಎಂದು ಗಾಂಧಿ ನಗುತ್ತಲೇ ಶುರು ಮಾಡಿದರಂತೆ. ಗೋರಾ ತಾನು ಬರೀ ಇಲ್ಲವೆನ್ನುವವನಲ್ಲ, ದೇವರನ್ನು ಕೈಬಿಟ್ಟಾಗ ಮನುಷ್ಯ ತನ್ನ ಕೆಲಸಕ್ಕೆ ತಾನೇ ಹೊಣೆಯಾಗುತ್ತಾನಲ್ಲ, ಆ ಹೊಣೆಗಾರಿಕೆಯನ್ನು ನಾಸ್ತಿಕತೆ ಎನ್ನುತ್ತೇನೆ ಎಂದು ವಿವರಿಸಿದರು. ಸಂಜೆಯ ನಡಿಗೆಯಲ್ಲೂ ಕೋಣೆಯಲ್ಲೂ ಮಾತು ಮುಂದುವರಿಯಿತು. ಅದು ಬಂಗಾಳದ ಬರದ ಮರುವರ್ಷ. ಕಲ್ಕತ್ತೆಯ ಬೀದಿಗಳಲ್ಲಿ ತಿಂಡಿ ಅಂಗಡಿಗಳ ಎದುರೇ ಜನ ಹಸಿದು ಸತ್ತರು, ಕೈಚಾಚಿ ತೆಗೆದುಕೊಳ್ಳಲಿಲ್ಲ, ಇದು ಹಣೆಬರಹ ಎಂಬ ನಂಬಿಕೆ ಅವರ ಕೈ ಕಟ್ಟಿಹಾಕಿತ್ತು ಎಂಬುದು ಗೋರಾ ಮುಂದಿಟ್ಟ ವಾದ. ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಾರಗಟ್ಟಲೆ ಅನ್ನ ಕಾಣದ ದೇಹಕ್ಕೆ ಕಿತ್ತುಕೊಳ್ಳುವ ಕಸುವು ಎಲ್ಲಿಂದ ಬರಬೇಕು, ಪೊಲೀಸರ ಲಾಠಿ ಯಾವ ದೇವರ ಹೆಸರಿನದು? ಆದರೆ ವಾದದ ರೀತಿ ಗಮನಿಸಬೇಕಾದದ್ದು. ದೇವರ ಅಳತೆ ಎಷ್ಟೆಂದು ಗೋರಾ ಕೇಳಲಿಲ್ಲ. ಈ ನಂಬಿಕೆ ಹಸಿದವನ ಪಾಲಿಗೆ ಏನು ಮಾಡಿತು ಎಂದು ಕೇಳಿದರು. ಗಾಂಧಿ ಉತ್ತರಿಸಲೇಬೇಕಾದ ಪ್ರಶ್ನೆ ಅದು, ಏಕೆಂದರೆ ಗಾಂಧಿ ತಮ್ಮ ದೇವರನ್ನು ಹುಡುಕುತ್ತಿದ್ದುದೂ ಹಸಿದವನ ಬಳಿಯೇ.

ಗಾಂಧಿಯ ಉತ್ತರ ಗೋರಾ ದಾಖಲಿಸಿದಂತೆ ಹೀಗಿತ್ತು. ನಿಮ್ಮ ಮಾತಿನಲ್ಲಿ ನನಗೊಂದು ಆದರ್ಶ ಕಾಣುತ್ತದೆ. ನನ್ನ ಆಸ್ತಿಕತೆ ಸರಿ ಎಂದಾಗಲಿ ನಿಮ್ಮ ನಾಸ್ತಿಕತೆ ತಪ್ಪು ಎಂದಾಗಲಿ ನಾನು ಹೇಳಲಾರೆ. ನಾವಿಬ್ಬರೂ ಸತ್ಯ ಹುಡುಕುವವರು, ಮತಾಂಧರಾಗದಿದ್ದರೆ ಸಾಕು. ಯಾರದು ಸರಿ ಎಂಬುದನ್ನು ಫಲಿತಾಂಶ ಹೇಳಲಿ. ಆಗ ನಾನು ನಿಮ್ಮ ದಾರಿಗೆ ಬರಬಹುದು, ನೀವು ನನ್ನ ದಾರಿಗೆ ಬರಬಹುದು, ಇಬ್ಬರೂ ಮೂರನೆಯ ದಾರಿ ಹಿಡಿಯಬಹುದು. ನಿಮ್ಮ ವಿಧಾನ ನನ್ನದಕ್ಕೆ ವಿರುದ್ಧವಾಗಿದ್ದರೂ ಸಹಾಯ ಮಾಡುತ್ತೇನೆ.

ಮೂರು ವರ್ಷದ ಹಿಂದೆ ಪುರುಸೊತ್ತಿಲ್ಲ ಎಂದಿದ್ದವರ ಮಾತಿದು. ಗಾಂಧಿ ತಮ್ಮ ರಾಮನಾಮವನ್ನು ಬಿಡಲಿಲ್ಲ, ಗುಂಡು ತಾಗುವ ದಿನದವರೆಗೂ ಪ್ರಾರ್ಥನಾ ಸಭೆ ನಡೆಸಿದರು. ಗೋರಾ ಕೈಮುಗಿಯುವವರಾಗಲಿಲ್ಲ. ಬದಲಾದದ್ದು ಬೇರೆ. ಬ್ರಾಡ್ಲಾ ಅವರನ್ನು ದೈವಭೀರು ಎಂದು ಕರೆದಂತೆ ಗೋರಾ ಅವರನ್ನು ಗುಪ್ತ ಆಸ್ತಿಕನೆಂದು ಕರೆಯುವ ಗೋಜಿಗೆ ಗಾಂಧಿ ಈ ಸಲ ಹೋಗಲಿಲ್ಲ. ನಾಸ್ತಿಕ ಒಳ್ಳೆಯ ಕೆಲಸ ಮಾಡುತ್ತಿರುವುದು ನಾಸ್ತಿಕನಾಗಿಯೇ ಇರಬಹುದು ಎಂಬ ಸಾಧ್ಯತೆಗೆ ಜಾಗ ಬಿಟ್ಟರು. ಜಾಗ ಬಿಟ್ಟ ಮೇಲೆ ಕೆಲಸ ಶುರುವಾಯಿತು.

ಗೋರಾ ದಂಪತಿಯ ಹಿರಿಯ ಮಗಳು ಮನೋರಮಾ ಮದುವೆಯ ವಿಷಯದಲ್ಲಿ ಇದು ಕಣ್ಣಿಗೆ ಕಾಣುವ ರೂಪ ಪಡೆಯಿತು. ವರ ಅರ್ಜುನ ರಾವ್, ಅಸ್ಪೃಶ್ಯವೆನಿಸಿದ ಜಾತಿಯವರು, ಗೋರಾ ಜೊತೆಯ ಕಾರ್ಯಕರ್ತರು. ಆ ವರ್ಷಗಳಲ್ಲಿ ಗಾಂಧಿ, ವಧೂವರರಲ್ಲಿ ಒಬ್ಬರು ಹರಿಜನರಾಗಿರದ ಮದುವೆಗೆ ತಾನು ಆಶೀರ್ವಾದ ಮಾಡುವುದಿಲ್ಲ ಎಂಬ ನಿಲುವಿಗೆ ಬಂದಿದ್ದರು. ಈ ಮದುವೆಯನ್ನು ಸೇವಾಗ್ರಾಮದಲ್ಲೇ ಮಾಡೋಣ ಎಂದರು. ಎರಡು ವರ್ಷ ಕಾಯಲು ಹೇಳಿದರು. ದೇವರ ಹೆಸರಿನಲ್ಲಿ ನಡೆಯುವ ವಿಧಿಯನ್ನು ಗೋರಾ ಒಪ್ಪುವಂತಿರಲಿಲ್ಲ. ಗಾಂಧಿ ಆಶ್ರಮದ ವಿವಾಹವಿಧಿಯನ್ನು ದೇವರ ಬದಲು ಸತ್ಯದ ಹೆಸರಿನಲ್ಲಿ ನಡೆಸಲು ಒಪ್ಪಿದರು. ಆದರೆ ಅಷ್ಟರಲ್ಲಿ, 1948ರ ಜನವರಿಯಲ್ಲಿ, ಗಾಂಧಿ ಹತ್ಯೆಯಾದರು. ಮಾರ್ಚ್ 13ರಂದು ಸೇವಾಗ್ರಾಮದಲ್ಲಿ ಆಶ್ರಮದ ಆಸ್ತಿಕರು ನಿಂತು, ಗಾಂಧಿ ಒಪ್ಪಿದ್ದ ರೀತಿಯಲ್ಲೇ ಮದುವೆ ಮಾಡಿಸಿದರು. ಈ ಒಡನಾಟದ ಕಥೆಯನ್ನು ಗೋರಾ ಬರೆದಾಗ ಅದನ್ನು 1951ರಲ್ಲಿ ಅಚ್ಚು ಹಾಕಿದ್ದು ಗಾಂಧಿ ಸ್ಥಾಪಿಸಿದ ನವಜೀವನ ಸಂಸ್ಥೆ. ಮುನ್ನುಡಿ ಬರೆದವರು ಗಾಂಧಿಯ ಒಡನಾಡಿ ಕಿಶೋರಲಾಲ ಮಶ್ರೂವಾಲಾ. ಗೋರಾ ಮಗ ಲವಣಂ ಮುಂದೆ ವಿನೋಬಾ ಭಾವೆಯವರ ಭೂದಾನ ಪಾದಯಾತ್ರೆಯಲ್ಲಿ ಅವರ ಭಾಷಣಗಳನ್ನು ತೆಲುಗಿಗೆ ಅನುವಾದಿಸಿದರು. ಮಾತುಮಾತಿಗೂ ಗೀತೆ, ಉಪನಿಷತ್ತು ಬರುವ ಭಾಷಣವನ್ನು ಹಳ್ಳಿಯ ಜನರಿಗೆ ಒಬ್ಬ ನಾಸ್ತಿಕ ನಿಷ್ಠೆಯಿಂದ ತಲುಪಿಸುವುದು! ಭೂಮಿ ಇಲ್ಲದವನಿಗೆ ಭೂಮಿ ಸಿಗಬೇಕು ಎಂಬುದು ಇಬ್ಬರಿಗೂ ಬೇಕಿತ್ತು. ಸರಸ್ವತಿ ಗೋರಾ ಅವರಿಗೆ ಕರ್ನಾಟಕ ಸರ್ಕಾರ ಬಸವ ಪುರಸ್ಕಾರ ನೀಡಿದೆ. ಕೂಡಲಸಂಗಮನ ಶರಣನ ಹೆಸರಿನ ಗೌರವ ಒಬ್ಬ ನಾಸ್ತಿಕ ಮಹಿಳೆಗೆ ಸಂದದ್ದು ನನಗೆ ಬಹಳ ಸರಿ ಎನಿಸುತ್ತದೆ.

ಇಬ್ಬರು ದೊಡ್ಡವರ ಸ್ನೇಹ ಇದು, ದೇಶಕ್ಕೆಲ್ಲ ಅನ್ವಯಿಸುತ್ತದೆಯೇ ಎಂದು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಸಂವಿಧಾನದ ಚರ್ಚೆಯಲ್ಲೇ ಸಿಗುತ್ತದೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು, ಪೀಠಿಕೆ ದೇವರ ಹೆಸರಿನಲ್ಲಿ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ಸಭೆಯಲ್ಲಿ ಇದ್ದವರಲ್ಲಿ ಬಹುಪಾಲು ಆಸ್ತಿಕರೇ. ಆದರೂ ವಿರೋಧ ಬಂದದ್ದು ನಾಸ್ತಿಕರ ಬಾಯಿಂದಲ್ಲ. ಇದು ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತಾಗುತ್ತದೆ ಎಂದರು ತಿರುವಾಂಕೂರಿನ ಥಾಣು ಪಿಳ್ಳೆ. ಎಲ್ಲರಿಗೂ ಆಲೋಚನೆಯ, ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪೀಠಿಕೆಯ ಜೊತೆ ಇದು ಹೊಂದುವುದಿಲ್ಲ ಎಂದರು ಹೃದಯನಾಥ ಕುಂಜ್ರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಹಿಂತೆಗೆಯಲಿಲ್ಲ. ಕೈ ಎತ್ತಿಸಿ ಎಣಿಸಿದಾಗ ಪರ 41, ವಿರುದ್ಧ 68.

ಈ 68ರಲ್ಲಿ ಬಹಳ ಮಂದಿ ಮನೆಗೆ ಹೋಗಿ ಸಂಧ್ಯಾವಂದನೆ ಮಾಡಿರಬಹುದು, ನಮಾಜು ಮಾಡಿರಬಹುದು. ತಾವು ನಂಬಿದ್ದನ್ನು ನಂಬದವನ ಬಾಯಲ್ಲಿ ಹೇಳಿಸಬಾರದು ಎಂಬುದನ್ನು ಅವರು ನೀತಿಯ ಪ್ರಶ್ನೆಯಾಗಿ ನೋಡಿದರು. ಅದೇ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಸಚಿವ, ಶಾಸಕ, ನ್ಯಾಯಾಧೀಶರಿಗೆ ಎರಡು ದಾರಿಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ. ಬ್ರಾಡ್ಲಾ ವರ್ಷಗಟ್ಟಲೆ ಹೋರಾಡಿ ಪಡೆದದ್ದು ನಮಗೆ ಮೊದಲ ದಿನದಿಂದಲೇ ದಕ್ಕಿತು.

ಹಾಗೆಂದು ಎಲ್ಲ ವಾದವನ್ನೂ ಸೌಜನ್ಯಕ್ಕೆ ಬಲಿಕೊಡಬೇಕೆಂದು ನಾನು ಹೇಳುವುದಿಲ್ಲ. ಶೂನ್ಯದಿಂದ ವಿಭೂತಿ ತೆಗೆಯುತ್ತೇನೆ ಎಂದವರ ಮುಂದೆ ತೋರಿಸಿ ಎನ್ನುವ ಹಕ್ಕು ಯಾರಿಗೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದು ಆ ಹಕ್ಕಿನಿಂದ. ಅದು ಸಂಗತಿಯ ಪ್ರಶ್ನೆ, ಸಂಗತಿಯ ಪ್ರಶ್ನೆಗೆ ಪರೀಕ್ಷೆಯೇ ಉತ್ತರ. ಆಚರಣೆಯೊಂದು ಮನುಷ್ಯನನ್ನು ನೆಲಕ್ಕೆ ಉರುಳಿಸುವಾಗಲೂ ಸುಮ್ಮನಿರುವುದು ಸಹನೆಯಲ್ಲ. ಮಡೆಸ್ನಾನದ ವಿಷಯ ನೋಡಿ. ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವುದರ ವಿರುದ್ಧ ವಿಚಾರವಾದಿಗಳು, ಎಡಪಂಥೀಯರು ಬೀದಿಗಿಳಿದಾಗ ಅವರ ಜೊತೆ ನಿಂತು ಮುಂದಾಳತ್ವ ವಹಿಸಿದವರಲ್ಲಿ ನಿಡುಮಾಮಿಡಿ ಮಠದ ವೀರಭದ್ರ ಚೆನ್ನಮಲ್ಲ ಸ್ವಾಮೀಜಿಯೂ ಒಬ್ಬರು. ಕಾವಿ ತೊಟ್ಟವರು. ಉಡುಪಿ ಕೃಷ್ಣಮಠದಲ್ಲಿ 2018ರ ಡಿಸೆಂಬರಿನ ಷಷ್ಠಿಗೆ, ಪಲಿಮಾರು ಮಠದ ಪರ್ಯಾಯದ ಕಾಲದಲ್ಲಿ, ಮಡೆಸ್ನಾನ, ನೈವೇದ್ಯದ ಎಲೆಗಳ ಮೇಲೆ ಉರುಳುವ ಎಡೆಸ್ನಾನ ಎರಡನ್ನೂ ಕೈಬಿಡಲಾಯಿತು. ಹೊರಗಿನ ಕೂಗು, ಒಳಗಿನವರ ಮನಸ್ಸು ಎರಡೂ ಸೇರದೆ ಆಗುವ ಕೆಲಸವಲ್ಲ ಇದು. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯಿದೆ ಓದಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ನಿಷೇಧಿಸಿದ ಅಮಾನವೀಯ ಆಚರಣೆಗಳ ಪಟ್ಟಿಯ ಜೊತೆಗೇ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಭಜನೆ ಇತ್ಯಾದಿಗಳಿಗೆ ಈ ಕಾನೂನು ತಾಗುವುದಿಲ್ಲ ಎಂದೂ ಬರೆದಿದೆ. ನಂಬಿಕೆಗೂ ಹಿಂಸೆಗೂ ನಡುವೆ ಗೆರೆ ಎಳೆಯಲು ಎರಡೂ ಕಡೆಯವರು ಮಾಡಿದ ಜಗ್ಗಾಟದ ಗುರುತು ಅದು. ಮಹಾರಾಷ್ಟ್ರದಲ್ಲಿ ಇಂಥದ್ದೇ ಕಾನೂನಿಗಾಗಿ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್, ತಮ್ಮ ಸಂಘಟನೆ ದೇವರ ಅಥವಾ ಧರ್ಮದ ವಿರುದ್ಧವಲ್ಲ, ಶೋಷಣೆಯ ವಿರುದ್ಧ ಎಂದು ಸಾರಿ ಸಾರಿ ಹೇಳಿದರು. ಆಸ್ತಿಕರೂ ಅವರ ಜೊತೆಗಿದ್ದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮಾತಿನ ಬಗ್ಗೆ ಮಾತಾಡುವಾಗ ಈ ಸಾವನ್ನು ಮರೆಯಲಾಗದು. ನಾಸ್ತಿಕನ ಜೊತೆ ಮಾತಿಗೆ ಕೂರುವ ಆಸ್ತಿಕನ ಮೊದಲ ಕರ್ತವ್ಯ, ಅವನ ಪ್ರಾಣಕ್ಕೆ ಬೆದರಿಕೆ ಹಾಕುವವರು ತನ್ನ ಕಡೆಯವರೇ ಆಗಿದ್ದರೂ ಅವರನ್ನು ಖಂಡಿಸುವುದು.

ನಾಸ್ತಿಕರಿಗೂ ಒಂದು ಕಷ್ಟದ ಪ್ರಶ್ನೆ ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ ದಶಕಗಳ ಕಾಲ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಓದು ಕೊಟ್ಟರು. ಅದರ ಹಿಂದೆ ಇದ್ದದ್ದು ಭಕ್ತಿ. ಆ ಭಕ್ತಿಯನ್ನು ಬದಿಗಿಟ್ಟು ಅನ್ನವನ್ನು ಮಾತ್ರ ಮೆಚ್ಚುತ್ತೇನೆ ಎನ್ನುವುದು ನಾನು ಆಗಲೇ ಹೇಳಿದ ಖಾತೆಯ ತಪ್ಪೇ. ಭಕ್ತಿಯಿಲ್ಲದೆ ಇಂಥದ್ದನ್ನು ಕಟ್ಟುವುದು ಹೇಗೆ, ದಿನವೂ ಬೆಳಗ್ಗೆ ಒಲೆ ಹೊತ್ತಿಸುವ ನೂರಾರು ಕೈಗಳು ಯಾವ ಮಾತಿಗೆ ಒಟ್ಟಾಗುತ್ತವೆ? ಗೋರಾ ದಂಪತಿ ತಮ್ಮ ಕೇಂದ್ರದಿಂದ ಉತ್ತರ ಕೊಡಲು ಪ್ರಯತ್ನಿಸಿದರು. ನಮ್ಮ ನರಸಿಂಹಯ್ಯನವರು ಗೌರಿಬಿದನೂರಿನ ಹೊಸೂರಿನ ಬಡ ಮನೆಯಿಂದ ಬಂದು, ಖಾದಿ ತೊಟ್ಟು, ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿ, ಶಾಲೆ ಕಾಲೇಜುಗಳನ್ನು ಬೆಳೆಸಿ ಉತ್ತರ ಕೊಟ್ಟರು. ಆದರೆ ಇಂಥ ಉತ್ತರಗಳು ಎಣಿಕೆಯಲ್ಲಿ ಕಡಿಮೆ. ನಾಸ್ತಿಕ ಗೆಳೆಯರು ಧರ್ಮಗ್ರಂಥದ ತಪ್ಪು ಹುಡುಕಲು ವ್ಯಯಿಸುವ ಹೊತ್ತಿನಲ್ಲಿ ಒಂದಷ್ಟನ್ನು ಇದಕ್ಕೆ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಈ ಮಾತುಗಳೆಲ್ಲ ಹೆಚ್ಚು ನಡೆಯುವುದು ಸಭೆಗಳಲ್ಲಲ್ಲ, ಮನೆಗಳಲ್ಲಿ. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿದೆ. ಮಗ ತಿಥಿ ಮಾಡುವುದಿಲ್ಲ ಅನ್ನುತ್ತಾನೆ. "ಹಾಗಾದ್ರೆ ಅಪ್ಪನಿಗೆ ಒಂದು ಹಿಡಿ ಅನ್ನ ಇಡಲ್ಲ ಅಂತೀಯಾ?" ಎಂದು ತಾಯಿ ಕೇಳುತ್ತಾಳೆ. ಮಗ ಪಿತೃಲೋಕ ಎಂಬುದಿಲ್ಲ, ಕಾಗೆ ಮುಟ್ಟಿದ ಅನ್ನ ಕಾಗೆಯ ಹೊಟ್ಟೆಗೇ ಹೋಗುವುದು ಎಂದು ವಿವರಿಸಲು ಶುರು ಮಾಡುತ್ತಾನೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲದಿರಬಹುದು. ತಾಯಿ ಕೇಳಿದ್ದು ಪಿತೃಲೋಕದ ವಿಳಾಸವನ್ನಲ್ಲ. ಈ ಮನೆಯಲ್ಲಿ ಅಪ್ಪನ ನೆನಪನ್ನು ಯಾರು ಉಳಿಸುತ್ತಾರೆ, ನಾಳೆ ನನ್ನದನ್ನು ಯಾರು ಉಳಿಸುತ್ತಾರೆ ಎಂದು ಕೇಳಿದಳು. ಅದು ಋಣದ ಪ್ರಶ್ನೆ, ನೀತಿಯ ಪ್ರಶ್ನೆ. ನಾಸ್ತಿಕನಿಗೂ ಅಪ್ಪನ ಋಣ ಇದೆ, ಅದನ್ನು ಹೇಗೆ ತೀರಿಸುತ್ತೇನೆ ಎಂದು ಹೇಳುವ ಹೊಣೆಯೂ ಇದೆ. ಆ ದಿನ ಅಪ್ಪ ಓದಿದ ಶಾಲೆಯ ಮಕ್ಕಳಿಗೆ ಊಟ ಹಾಕುತ್ತೇನೆ, ನೆಂಟರನ್ನೆಲ್ಲ ಕರೆದು ಅಪ್ಪನ ಬಗ್ಗೆ ಮಾತಾಡಿಸುತ್ತೇನೆ, ನೀನು ಎಡೆ ಇಡುವುದಾದರೆ ಅಡಿಗೆಗೆ 4 ಗಂಟೆಗೇ ಎದ್ದು ಕೈಜೋಡಿಸುತ್ತೇನೆ, ಮಂತ್ರ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ ಎಂದರೆ ಅದು ಉತ್ತರ.

ತಾಯಿ ಒಪ್ಪದಿರಬಹುದು. ಜನಿವಾರ ಹಾಕಿದ ಮೈದುನನ ಮಗನನ್ನು ಕರೆಸಿ ಮಾಡಿಸುತ್ತೇನೆ ಎನ್ನಬಹುದು, ಅದು ಅವಳ ಹಕ್ಕು. ಅವಳೂ ಒಂದು ಕೆಲಸ ಮಾಡಬಹುದು. ಬಂದ ನೆಂಟರಲ್ಲಿ ಯಾರಾದರೂ "ಇವನಿಗೆ ಅಪ್ಪನ ಮೇಲೆ ಪ್ರೀತಿಯಿಲ್ಲ" ಎಂದಾಗ, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಅಪ್ಪನ ಪಕ್ಕ ಕೂತವನು ಇವನೇ ಎಂದು ಎಲ್ಲರೆದುರು ಹೇಳಬಹುದು.